ಪ್ರಫುಲ್ಲಾಳ ಕಾರು ಹೂಂ ಅಂದಿತು

ಆ ಯಂತ್ರ ಹೆಚ್ಚೆಂದರೆ ಒಂದು ಗೋಳಿಬಜೆಯಷ್ಟು ದೊಡ್ಡದಿತ್ತು. ಒಂದು ತುದಿ ಕಾರಿನ ಸಿಗರೇಟ್ ಲೈಟರಿನ ತೂತಿಗೆ, ಬಾಲದ ವಯರು ಸ್ಟೀರಿಯೋದ ತೂತಿಗೆ, ಮಧ್ಯದಲ್ಲಿ ನೀಲಿ ಬೆಳಕಿನ ಒಂದೇ ಗುಂಡಿ. ಇಷ್ಟನ್ನು ಸಿಕ್ಕಿಸಿದರೆ ಹನ್ನೆರಡು ವರ್ಷದ ಮುದಿ ಕಾರು ಕೂಡ ಹೊಸ ಕಾರಿನ ಹಾಗೆ ಫೋನಿನಲ್ಲಿ ಮಾತಾಡುತ್ತದೆ, ಫೋನಿನಲ್ಲಿರುವ ಹಾಡು ಹಾಡುತ್ತದೆ, ಕೈ ಸ್ಟೀರಿಂಗ್ ಬಿಡುವುದೇ ಬೇಡ ಎಂದು ನೌಪಾಡಾದ ಅಂಗಡಿಯವನು ತಾರಾನಾಥನಿಗೆ ಹೇಳಿದ್ದ. ಎರಡು ತೆಗೆದುಕೊಂಡರೆ ರಿಯಾಯಿತಿ ಎಂದೂ ಹೇಳಿದ್ದ. ತೊಂದರೆ ಶುರುವಾದದ್ದು ಈ ಎರಡನೆಯ ಮಾತಿನಿಂದ.

ರಿಯಾಯಿತಿ ಎಂದ ಮೇಲೆ ಬಿಟ್ಟುಬರುವ ಮನುಷ್ಯ ತಾರಾನಾಥನಲ್ಲ. ಎರಡನೆಯದನ್ನು ಕೆಳಮನೆಯ ಸೂರ್ಯನಾರಾಯಣರಿಗೆ ದಾಟಿಸಿದ. ಡೊಂಬಿವಲಿಯ ಆ ನಾಲ್ಕು ಮಹಡಿಯ ಕಟ್ಟಡದಲ್ಲಿ ಕನ್ನಡದ ಮನೆಗಳು ಎರಡೇ. ಮೊದಲ ಮಹಡಿಯಲ್ಲಿ ಉಡುಪಿ ಕಡೆಯ ತಾರಾನಾಥ ಮತ್ತು ಪ್ರಫುಲ್ಲಾ, ಸರಿಯಾಗಿ ಅವರ ಕೆಳಗೆ ಮೈಸೂರಿನ ಸೂರ್ಯನಾರಾಯಣ ಮತ್ತು ನಳಿನಿ. ಎರಡು ಮನೆಯ ಕಾರುಗಳೂ ಆ ಕಿಟಕಿಗಳ ಕೆಳಗೇ, ತಗಡು ಹೊದಿಸಿದ ಪತ್ರಾದ ಶೆಡ್ಡಿನಲ್ಲಿ, ಒಂದರ ಪಕ್ಕ ಒಂದು ನಿಂತಿರುತ್ತಿದ್ದವು. ತಾರಾನಾಥನಿಗೆ ಕಣ್ಣಿನ ಆಪರೇಷನ್ ಆದ ಮೇಲೆ ಡಾಕ್ಟರು ಡ್ರೈವಿಂಗ್ ಬೇಡ ಎಂದಿದ್ದರು. ಸೂರ್ಯನಾರಾಯಣರು ಹುಟ್ಟಿನಿಂದಲೇ ಬೇಡ ಎಂದವರು. ಹಾಗಾಗಿ ಎರಡೂ ಕಾರು ಓಡಿಸುತ್ತಿದ್ದವರು ಹೆಂಡತಿಯರು. ಪಕ್ಕದ ಸೀಟಿನಲ್ಲಿ ಕೂತು ಇಲ್ಲದ ಬ್ರೇಕನ್ನು ಒತ್ತುತ್ತಿದ್ದವರು ಗಂಡಂದಿರು.

ಭಾನುವಾರ ಬೆಳಿಗ್ಗೆ ಇಬ್ಬರು ಗಂಡಸರೂ ಹೆಂಡತಿಯರ ಫೋನುಗಳನ್ನು ಇಸಿದುಕೊಂಡು ಕೆಳಗಿಳಿದರು. ಎರಡು ಕಾರಿನ ಬಾಗಿಲೂ ತೆರೆದು, ಎರಡು ಯಂತ್ರವನ್ನೂ ಒಟ್ಟಿಗೆ ಸಿಕ್ಕಿಸಿ, ಎರಡು ಫೋನನ್ನೂ ಒಂದೇ ಬಾನೆಟ್ಟಿನ ಮೇಲಿಟ್ಟು ಅರ್ಧ ಗಂಟೆ ಒದ್ದಾಡಿದರು. ಕೊನೆಗೆ ಎರಡೂ ಕಾರಿನೊಳಗಿಂದ ಒಬ್ಬಳೇ ಹೆಂಗಸು, ಮೂಗಿನಲ್ಲಿ, "ಕನೆಕ್ಟೆಡ್" ಎಂದಳು.

"ಆಯ್ತು!" ಎಂದ ತಾರಾನಾಥ. ಪ್ರಫುಲ್ಲಾಳ ನಂಬರಿಗೆ ಫೋನ್ ಮಾಡಿ ನೋಡಿದ. ಶೆಡ್ಡಿನಲ್ಲಿ ಯಾವುದೋ ಕಾರು ರಿಂಗಾಯಿತು. ಪಕ್ಕಪಕ್ಕ ನಿಂತ ಕಾರುಗಳಲ್ಲಿ ಯಾವುದು ರಿಂಗಾಯಿತು ಎಂದು ಇಬ್ಬರೂ ನೋಡಲಿಲ್ಲ. ರಿಂಗಾಯಿತಲ್ಲ, ಅಷ್ಟು ಸಾಕು ಎಂದು ಕೈ ಕುಲುಕಿದರು.

ಮೇಲಿನ ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿದ್ದ ಪ್ರಫುಲ್ಲಾಳಿಗೆ ಮಾತ್ರ ಒಳಗೊಳಗೇ ಕಸಿವಿಸಿ. ಆ ಕಾರಿನಲ್ಲಿ ಇನ್ನೊಂದು ಸ್ವರ ಬರುವುದು ಅವಳಿಗೆ ಬೇಕಿರಲಿಲ್ಲ.

ಅದಕ್ಕೆ ಕಾರಣ ಅವಳೊಬ್ಬಳಿಗೇ ಗೊತ್ತಿತ್ತು. ಮೂವತ್ತು ವರ್ಷ ಸೋದರಮಾವನ ಹೋಟೆಲಿನ ಗಲ್ಲಾದಲ್ಲಿ ಕೂತಿದ್ದ ತಾರಾನಾಥ ಈಗ ಇಡೀ ದಿನ ಮನೆಯಲ್ಲಿದ್ದ. ಗಲ್ಲಾ ಬಿಟ್ಟರೂ ಗಲ್ಲಾದ ಕಣ್ಣು ಬಿಟ್ಟಿರಲಿಲ್ಲ. "ಒಗ್ಗರಣೆ ಸೀದಿತಾ?" "ಹಾಲು ಎಷ್ಟು ತಗೊಂಡದ್ದು?" "ಬಾಗಿಲಲ್ಲಿ ಯಾರು ಬಂದದ್ದು?" ಎಂದು ಕೂತಲ್ಲಿಂದಲೇ ವಿಚಾರಿಸುತ್ತಿದ್ದ. ಒಳ್ಳೆಯ ಮನುಷ್ಯನೇ. ಆದರೆ ಒಳ್ಳೆಯ ಮನುಷ್ಯನ ಧ್ವನಿಯೂ ದಿನಕ್ಕೆ ಹದಿನಾರು ಗಂಟೆ ಕೇಳಿದರೆ ಕಿವಿಯಲ್ಲಿ ಮಿಕ್ಸಿ ತಿರುಗಿದ ಹಾಗಾಗುತ್ತದೆ.

ಮೂರು ತಿಂಗಳ ಹಿಂದೆ ಮೊಣಕಾಲು ನೋವಿಗೆ ಡಾಕ್ಟರು ನಡಿಗೆ ಹೇಳಿದಾಗ ಪ್ರಫುಲ್ಲಾಳಿಗೆ ದಾರಿಯೊಂದು ಕಂಡಿತು. ದಿನಾ ಮಧ್ಯಾಹ್ನ ಮೂರರಿಂದ ನಾಲ್ಕರ ತನಕ "ಕೆಳಗೆ ಶೆಡ್ಡಿನ ನೆರಳಲ್ಲಿ ನಡೀತೇನೆ" ಎಂದು ಹೊರಡುವಳು. ಶೆಡ್ಡಿಗೇನೋ ಹೋಗುತ್ತಿದ್ದಳು, ನಡೆಯುತ್ತಿರಲಿಲ್ಲ. ಕಾರಿನ ಬಾಗಿಲು ತೆಗೆದು, ಸೀಟು ಹಿಂದಕ್ಕೆ ಬಾಗಿಸಿ, ಬೆನ್ನಿಗೆ ದಿಂಬು ಕೊಟ್ಟು, ಥರ್ಮಾಸಿನ ಕಾಫಿ ಕುಡಿಯುತ್ತ ಸುಮ್ಮನೆ ಕೂತಿರುತ್ತಿದ್ದಳು. ಏನೂ ಮಾಡುತ್ತಿರಲಿಲ್ಲ. ಏನೂ ಯೋಚಿಸುತ್ತಲೂ ಇರಲಿಲ್ಲ. ಐವತ್ತೆರಡು ವರ್ಷದ ಬಾಳಿನಲ್ಲಿ ಯಾರೂ ಏನೂ ಕೇಳದ ಮೊದಲ ಗಂಟೆ ಅದು. ಮೂರು ತಿಂಗಳು ನಡೆದರೂ ಹೆಂಡತಿಯ ತೂಕ ಒಂದಿಷ್ಟೂ ಇಳಿಯದ್ದನ್ನು ಕಂಡು ತಾರಾನಾಥ ತೂಕದ ಯಂತ್ರವನ್ನೇ ಬದಲಿಸಿದ್ದ.

ಇದು ಹೊರಗೆ ಗೊತ್ತಾದರೆ ಮುಗಿಯಿತು. ಮನೆ ಇರುವ ಹೆಂಗಸು ನಿಂತ ಕಾರಿನಲ್ಲಿ ಒಬ್ಬಳೇ ಯಾಕೆ ಕೂರುತ್ತಾಳೆ? ಮನೆಯಲ್ಲಿ ಏನೋ ಸರಿ ಇಲ್ಲ ಎಂದು ಕಟ್ಟಡದವರು ತೀರ್ಮಾನಿಸುವರು. ಏನು ಸರಿ ಇಲ್ಲ ಎಂದು ಗಂಡ ಕೇಳುವನು. ಎಲ್ಲವೂ ಸರಿಯಾಗೇ ಇರುವುದರಿಂದ ಅವಳ ಬಳಿ ಉತ್ತರವಿರಲಿಲ್ಲ.

ಆ ಭಾನುವಾರವೂ ಮೂರಕ್ಕೆ ಹೋಗಿ ಕೂತಳು. ಗಾಜು ಇಳಿಸಲು ಕೀಲಿ ತಿರುಗಿಸಿದಳು. ಯಂತ್ರಕ್ಕೆ ಜೀವ ಬಂದು ಆ ಮೂಗಿನ ಹೆಂಗಸು "ಕನೆಕ್ಟೆಡ್" ಎಂದಳು. ಬಂದದ್ದು ಬಂತು, ಒಂದು ಹಾಡಾದರೂ ಕೇಳೋಣವೆಂದು ಪ್ರಫುಲ್ಲಾ ಫೋನಿನಲ್ಲಿ ಹಾಡು ಹಚ್ಚಿದಳು. ಹಾಡು ಫೋನಿನಿಂದಲೇ ಬಂತು, ಕಾರಿನಿಂದ ಬರಲಿಲ್ಲ. ಕನೆಕ್ಟೆಡ್ ಅಂತಾಳೆ, ಹಾಡು ಇಲ್ಲ. ತಾನೇ ಏನೋ ತಪ್ಪು ಒತ್ತಿರಬೇಕೆಂದುಕೊಂಡು ಫೋನನ್ನು ಚೀಲಕ್ಕೆ ಹಾಕಿ ಕಣ್ಣು ಮುಚ್ಚಿದಳು.

ಆಗ ಕಾರು ರಿಂಗಾಯಿತು.

ಅದು ರಿಂಗಲ್ಲ, ಶಾಲೆ ಬಿಟ್ಟಾಗಿನ ಗಂಟೆ. ಪತ್ರಾದ ಶೆಡ್ಡು ಪೂರ್ತಿ ಗಣಗಣ ಎಂದಿತು. ಎದುರು ಕಟ್ಟಡದ ಪಾರಿವಾಳಗಳು ಎದ್ದವು. ಇನ್ನೊಂದು ಸಲ ಹೊಡೆದರೆ ತಾರಾನಾಥ ಕಿಟಕಿಗೆ ಬರುತ್ತಾನೆ. ಪ್ರಫುಲ್ಲಾ ಗಾಬರಿಯಲ್ಲಿ ತನಗೆ ಗೊತ್ತಿದ್ದ ಒಂದೇ ಗುಂಡಿ ಒತ್ತಿದಳು.

"ಅಕ್ಕಾರ, ನಮಸ್ಕಾರ್ರೀ! ಜಟ್ಟೆಪ್ಪ ಮಾತಾಡೂದು!"

ಕನ್ನಡ ಸಂಘದ ಕಾರ್ಯದರ್ಶಿ ಜಟ್ಟೆಪ್ಪನವರು. ವಿಜಯಪುರದವರು, ವಾಸ ಬದಲಾಪುರ. ಫೋನಿನಲ್ಲಿ ಅವರು ಮಾತಾಡುತ್ತಿದ್ದರೇ ಹೊರತು ಕೇಳುತ್ತಿರಲಿಲ್ಲ. ಆ ಕಡೆಯಿಂದ ಆಗಾಗ ಒಂದು ಸದ್ದು ಬಂದರೆ ಅವರಿಗೆ ಸಾಕಿತ್ತು.

ಪ್ರಫುಲ್ಲಾಳಿಗೆ ಬರುತ್ತಿದ್ದದ್ದೂ ಆ ಸದ್ದೇ. "ಹೂಂ," ಎಂದಳು.

ಈ ಹೂಂ ಅವಳಿಗೆ ಹುಟ್ಟಿನಿಂದ ಬಂದದ್ದು. ಇಪ್ಪತ್ತೆರಡನೇ ವಯಸ್ಸಿನಲ್ಲಿ ದೊಡ್ಡಪ್ಪ "ಹುಡುಗ ಆಗಬಹುದಾ?" ಎಂದು ಕೇಳಿದಾಗ, ಪ್ರಶ್ನೆ ಕೇಳಿಸಿತು ಎಂಬುದಕ್ಕೆ ಅವಳು ಹೂಂ ಅಂದಿದ್ದಳು. ಇನ್ನೂ ಉತ್ತರ ಯೋಚಿಸುತ್ತಿರುವಾಗಲೇ ಚಪ್ಪರ ಎದ್ದಿತ್ತು.

"ಒಂಬತ್ತು ವರ್ಷ ಆತ್ರಿ ಅಕ್ಕಾರ, ನೀವು ಸಂಘಕ್ಕ ದುಡಿಯಾಕ ಹತ್ತಿ," ಜಟ್ಟೆಪ್ಪನವರು ಮುಂದುವರಿಸಿದರು. "ನಿಮ್ಮಂಗ ಯಾರೂ ದುಡದಿಲ್ಲ. ಇದನ್ನ ನಾ ಎಲ್ಲಿ ಬೇಕಾದಲ್ಲಿ ನಿಂತು ಹೇಳ್ತೀನಿ. ಆದ್ರ ಈ ಸಲ ಆ ಕೆಲಸ ಬ್ಯಾರೆಯವರಿಗೆ ಬಿಟ್ಟು ಕೊಡೂಣು ಅಂತ ಕಮಿಟಿಯೊಳಗ ವಿಚಾರ ಬಂದೈತ್ರಿ. ಬ್ಯಾಸರ ಇಲ್ಲಲ್ರಿ?"

ಪ್ರಫುಲ್ಲಾ ನೆಟ್ಟಗೆ ಕೂತಳು. ಒಂಬತ್ತು ವರ್ಷದಿಂದ ಸಂಘದ ಪ್ರತಿ ಸಮಾರಂಭಕ್ಕೂ ನೂರೈವತ್ತು ಜನರ ಕೋಸಂಬರಿ ಅವಳ ಪಾಲಿಗೆ ಬಂದಿತ್ತು. ಮೊದಲ ವರ್ಷ ಯಾರೋ ಕೇಳಿದಾಗ ಹೂಂ ಅಂದದ್ದು, ಇನ್ನೂ ನಡೆಯುತ್ತಿತ್ತು. ದೇವರೇ, ಕೋಸಂಬರಿಯಿಂದ ಬಿಡುಗಡೆಯೇ!

"ಹೂಂ," ಎಂದಳು, ಈ ಸಲ ಮನಸಾರೆ.

"ಹಂಗಂದ್ರ ಒಪ್ಪಿಗಿ?"

"ಹೂಂ ಹೂಂ."

"ದೊಡ್ಡ ಮನಸರಿ ನಿಮ್ದು! ಯಾರಿಗೆ ಕೊಡೂದಂತ ಸಂಜಿ ತನಕ ನೋಡ್ತೀನಿ. ಪಾಳಿ ಪ್ರಕಾರ ಕರಾವಳಿಯವರಿಗೆ ಬರಬೇಕು. ಹೊಸಾ ಅಧ್ಯಕ್ಷರಿಗೆ ಶಾಲು ನೀವ ಹೊದಸಬೇಕ ಮತ್ತ. ಸೂರ್ಯನಾರಾಯಣ ಸಾಹೇಬರಿಗೂ ನಮಸ್ಕಾರ ಹೇಳ್ರಿ. ಇಡ್ತೀನ್ರಿ!"

ಕಾರು ಮೌನವಾಯಿತು. ಪ್ರಫುಲ್ಲಾಳ ಕೈಯ ಕಾಫಿ ಲೋಟ ವಾರೆಯಾಗಿ ಸೀರೆಯ ಮೇಲೆ ಚೆಲ್ಲಿತು. ಅವಳಿಗೆ ತಿಳಿಯಲಿಲ್ಲ.

ಸೂರ್ಯನಾರಾಯಣ ಸಾಹೇಬರೇ? ಅಧ್ಯಕ್ಷರೇ? ಚೀಲದಿಂದ ಫೋನು ತೆಗೆದು ನೋಡಿದಳು. ಅದರಲ್ಲಿ ಯಾವ ಕರೆಯೂ ಬಂದಿರಲಿಲ್ಲ. ಮಹಿಳಾ ವಿಭಾಗಕ್ಕೆ ಒಂಬತ್ತು ವರ್ಷದಿಂದ ಅಧ್ಯಕ್ಷೆಯಾಗಿದ್ದವಳು ನಳಿನಿ. ಪಾಳಿ ಪ್ರಕಾರ ಮೈಸೂರು ಕಡೆಯವರು, ಉತ್ತರದವರು, ಕರಾವಳಿಯವರು ಎಂದು ತಿರುಗಬೇಕಿದ್ದ ಆ ಕುರ್ಚಿ ನಳಿನಿಯ ಕೆಳಗೆ ತಿರುಗುವುದನ್ನೇ ಮರೆತಿತ್ತು. ಆ ಕರೆ ನಳಿನಿಯದು. ನಳಿನಿಯ ಫೋನು ತನ್ನ ಕಾರಿಗೆ ಯಾಕೆ ಬಂತು? ಹೇಗೆ ಬಂತು? ಹೇಗೋ ಬಂದಿದೆ. ತಾನು ಹೂಂ ಅಂದು ಅವಳ ಕುರ್ಚಿ ಬಿಟ್ಟುಕೊಟ್ಟಾಗಿದೆ!

ಸೀರೆ ಕೊಡವಿಕೊಂಡು ಕೆಳಮನೆಗೆ ಓಡಿದಳು. ಎಲ್ಲ ಹೇಳಿಬಿಡುವುದೆಂದು ಬಾಗಿಲು ತಟ್ಟಿದಳು.

ಬಾಗಿಲು ತೆಗೆದವರು ಸೂರ್ಯನಾರಾಯಣರು. ಒಳಗೆ ನಳಿನಿ ಮಂಚದ ಮೇಲೆ ಕೂತು ತನ್ನ ಫೋನನ್ನು ದೆವ್ವ ನೋಡಿದ ಹಾಗೆ ನೋಡುತ್ತಿದ್ದಳು. ಊಟವಾದ ಮೇಲೆ ಫೋನಿನ ಸದ್ದು ಅಡಗಿಸಿ ನಾಲ್ಕರ ತನಕ ಮಲಗುವುದು ಅವಳ ಪದ್ಧತಿ.

"ಪ್ರಫುಲ್ಲಾ, ಇಲ್ನೋಡ್ರೀ. ಮೂರು ಹತ್ತಕ್ಕೆ ಜಟ್ಟೆಪ್ಪನವರ ಹತ್ರ ಎರಡು ನಿಮಿಷ ಮಾತಾಡಿದ್ದೀನಂತೆ. ಫೋನು ಹೇಳ್ತಿದೆ. ನಾನು ಮಲಗಿದ್ನಲ್ಲಾ!"

"ನಿದ್ದೇಲಿ ಮಾತಾಡಿದ್ದೀಯ ಕಣೇ," ಎಂದರು ಸೂರ್ಯನಾರಾಯಣರು, ತೃಪ್ತಿಯಿಂದ. "ಮೂವತ್ತೈದು ವರ್ಷದಿಂದ ಹೇಳ್ತಿದ್ದೀನಿ, ನಂಬಿದ್ಯಾ? ನೋಡಿ ಪ್ರಫುಲ್ಲಾ ಅವ್ರೇ, ಈಗ ದಾಖಲೆ ಸಮೇತ ಸಿಕ್ಕಿಬಿದ್ಲು."

"ನಾನು ನಿದ್ದೇಲಿ ಮಾತಾಡಲ್ಲಾರೀ!"

"ನಿದ್ದೇಲಿ ಇರೋವ್ಳಿಗೆ ಹ್ಯಾಗೆ ಗೊತ್ತಾಗುತ್ತೆ?"

ಇಸ್ಕೂಲು ಟೀಚರಾಗಿ ಮೂವತ್ತು ವರ್ಷ ಮಕ್ಕಳಿಗೆ ಗದರಿದ್ದ ನಳಿನಿ ಮೊದಲ ಸಲ ತನ್ನ ಮೇಲೇ ಅನುಮಾನ ಬಂದವಳ ಹಾಗೆ ಪ್ರಫುಲ್ಲಾಳ ಕಡೆ ನೋಡಿದಳು. "ಅಲ್ಲ, ನೀವು ಕೆಳಗೆ ವಾಕ್ ಮಾಡ್ತಿದ್ರಲ್ಲ. ಕಿಟಕಿಯಿಂದ ನನ್ನ ದನಿ ಏನಾದ್ರೂ ಕೇಳಿಸ್ತಾ?"

ಈಗ ಹೇಳಬೇಕು. ನಾನು ನಡೆಯುತ್ತಿರಲಿಲ್ಲ, ಕಾರಿನೊಳಗೆ ಕೂತಿದ್ದೆ. ಯಾಕೆ ಕೂತಿದ್ದೆ? ಅಲ್ಲಿಂದ ಮುಂದೆ ವಾಕ್ಯ ಹೋಗುತ್ತಿರಲಿಲ್ಲ. ಸೂರ್ಯನಾರಾಯಣರಿಗೆ ತಿಳಿದದ್ದು ಐದು ನಿಮಿಷದಲ್ಲಿ ತಾರಾನಾಥನಿಗೆ ತಿಳಿಯುತ್ತದೆ.

"ಹೂಂ," ಎಂದುಬಿಟ್ಟಳು ಪ್ರಫುಲ್ಲಾ. "ಅಂದರೆ, ಏನೋ ಕೇಳಿದ ಹಾಗಾಯ್ತು."

"ಅಯ್ಯೋ ರಾಮ!" ನಳಿನಿ ತಲೆಗೆ ಕೈ ಹೊತ್ತಳು. "ಏನಂದೆನೋ ಏನೋ ಆ ಮನುಷ್ಯನಿಗೆ!"

ಮೆಟ್ಟಿಲ ಬಳಿ ನಿಂತು ಪ್ರಫುಲ್ಲಾ ತನ್ನ ಫೋನಿನಿಂದ ಜಟ್ಟೆಪ್ಪನವರಿಗೆ ಫೋನ್ ಮಾಡಿದಳು. ಅವರು ಲೋಕಲ್ ರೈಲಿನಲ್ಲಿದ್ದರು. ಹಿಂದೆ ಭಜನೆ ಮಂಡಳಿಯ ತಾಳ, ಕಡಲೆಕಾಯಿ ಮಾರುವವನ ಕೂಗು.

"ಜಟ್ಟೆಪ್ಪನವರೇ, ನಳಿನಿಯವರು ಹೂಂ ಅಂದದ್ದು ಉಂಟಲ್ಲ, ಅದು ಅವರು ಅಂದದ್ದಲ್ಲ..."

"ಯಾರ್ರೀ? ಪ್ರಫುಲ್ಲಾ ಅಕ್ಕಾರ? ಕೇಳಸವಲ್ದು! ನಾನ ನಿಮಗ ಫೋನ್ ಮಾಡಾಂವ ಇದ್ದೆ. ಮನಿಗೆ ಹೋಗಿ ಮಾಡ್ತೀನ್ರಿ. ಏ ಭಾಯ್, ಧಕ್ಕಾ ಮತ್ ಮಾರೋ!" ಎಂದು ಇಟ್ಟುಬಿಟ್ಟರು.

ಉಳಿದದ್ದು ಒಂದೇ ದಾರಿ. ಆ ಯಂತ್ರ ತೆಗೆಸುವುದು. ಮನೆಗೆ ಹೋಗಿ ತಾರಾನಾಥನಿಗೆ ಮೆಲ್ಲ ಹೇಳಿದಳು. "ಆ ಕಾರಿನ ಬ್ಲೂಟೂತು ನಂಗೆ ಬೇಡ ಮಾರಾಯ್ರೆ. ತೆಗೀರಿ."

ತಾರಾನಾಥ ಪೇಪರು ಮಡಚಿದ. ಹೋಟೆಲಿನಲ್ಲಿ ಗಿರಾಕಿ ಸಾಂಬಾರಿಗೆ ಉಪ್ಪಿಲ್ಲ ಎಂದಾಗ ಆಗುತ್ತಿದ್ದ ಮುಖ ಆಯಿತು.

"ಎಂತಕ್ಕೆ ಬೇಡ? ಎಂತ ಆಗಿದೆ ಅದಕ್ಕೆ?"

"ಬೇರೆಯವರ ಫೋನು ಅದಕ್ಕೆ ಬಂದ್ರೆ?"

"ಹಾಗೆಲ್ಲ ಬರ್ಲಿಕ್ಕೆ ಅದು ಧರ್ಮಛತ್ರವಾ? ಅದಕ್ಕೆ ನಿನ್ನ ಫೋನಿನ ಪರಿಚಯ ಮಾಡಿಸಿದ್ದೇನೆ. ಇನ್ನು ಜನ್ಮವಿಡೀ ಅದು ನಿನ್ನನ್ನು ಬಿಟ್ಟು ಯಾರನ್ನೂ ತಿರುಗಿ ನೋಡುವುದಿಲ್ಲ. ಬಾ ತೋರಿಸ್ತೇನೆ."

ಬೇಡ ಬೇಡ ಎಂದರೂ ಕೀಲಿ ಹಿಡಿದು ಹೊರಟ. ಮೆಟ್ಟಿಲಲ್ಲಿ ಸೂರ್ಯನಾರಾಯಣರು ಕೂಡಿಕೊಂಡರು. ಕಟ್ಟಡದ ಸೊಸೈಟಿಯ ಚೇರ್ಮನ್ ಶೈಲೇಶ್ ಗೇಟಿನ ಬಳಿ ನೀರಿನ ಟ್ಯಾಂಕರಿನವನ ಜೊತೆ ಜಗಳವಾಡುತ್ತಿದ್ದವರು, ಅದಕ್ಕಿಂತ ಒಳ್ಳೆಯದು ಸಿಕ್ಕಿತೆಂದು ಇತ್ತ ಬಂದರು. ಮೂವರು ಗಂಡಸರು ಕಾರಿನೊಳಗೆ ತಲೆ ಹಾಕಿದರು. ಹೊರಗಿನಿಂದ ನೋಡಿದರೆ ಕಾರು ಮೂವರನ್ನು ಅರ್ಧ ನುಂಗಿದ ಹಾಗಿತ್ತು.

ಕೀಲಿ ತಿರುಗಿತು. "ಕನೆಕ್ಟೆಡ್," ಎಂದಳು ಮೂಗಿನ ಹೆಂಗಸು, ಏನೂ ಗೊತ್ತಿಲ್ಲದವಳ ಹಾಗೆ.

"ನೋಡು!" ಎಂದ ತಾರಾನಾಥ.

"ಹಾಡು ಬರೂದಿಲ್ಲ."

"ಅದು ನಿನ್ನ ಹಾಡಿನ ದೋಷ."

ಅಷ್ಟರಲ್ಲಿ ಹಿಂದಿನ ಸೀಟಿನ ಕಡೆ ಸರಿದಿದ್ದ ಶೈಲೇಶ್ ದಿಂಬನ್ನು ಕಂಡು ಕೇಳಬಾರದ್ದನ್ನು ಕೇಳಿದರು. "ಭಾಭೀಜಿ, ಗಾಡಿ ಮೇಂ ತಕಿಯಾ? ಥರ್ಮಾಸ್ ಭೀ! ಪಿಕ್‌ನಿಕ್ ಹೈ ಕ್ಯಾ?"

ಮೂರು ತಲೆಗಳೂ ಹೊರಬಂದು ಪ್ರಫುಲ್ಲಾಳನ್ನು ನೋಡಿದವು. ಪಾರಿವಾಳಗಳೂ ನೋಡಿದವೆಂದು ಅವಳಿಗನಿಸಿತು.

"ಥರ್ಮಾಸು ಮೊನ್ನೆಯಿಂದ ಹುಡುಕ್ತಾ ಇದ್ದೆ," ತಾರಾನಾಥ ನಿಧಾನವಾಗಿ ಹೇಳಿದ. "ಇಲ್ಲಿ ಹೇಗೆ ಬಂತು? ಬಿಸಿ ಉಂಟಲ್ಲ!"

"ನಡೆದು ನಡೆದು ಬಾಯಾರಿಕೆ ಆಗ್ತದೆ," ಎಂದಳು ಪ್ರಫುಲ್ಲಾ. "ದಿಂಬು ಬೆನ್ನಿಗೆ. ಡ್ರೈವ್ ಮಾಡುವಾಗ."

ಗಲ್ಲಾದ ಕಣ್ಣು ಅವಳ ಸೀರೆಯ ಕಾಫಿ ಕಲೆಯ ಮೇಲೆ ಒಂದು ಕ್ಷಣ ನಿಂತಿತು. ಇನ್ನು ಒಂದು ಪ್ರಶ್ನೆ ಬಂದರೆ ತನ್ನ ಗಂಟೆ ಹೋಯಿತು ಎಂದು ಅವಳಿಗೆ ಖಚಿತವಾಯಿತು.

"ಯಂತ್ರ ಇರಲಿ," ಎಂದಳು ಅವಸರವಾಗಿ. "ತುಂಬ ಒಳ್ಳೆಯದುಂಟು. ನಂಗೇ ಗೊತ್ತಾಗ್ಲಿಲ್ಲ."

ತಾರಾನಾಥನ ಮುಖ ಅರಳಿತು. ಮೆಚ್ಚುಗೆ ಬಂದಲ್ಲಿ ಅವನು ವಿಚಾರಣೆ ಮುಂದುವರಿಸುತ್ತಿರಲಿಲ್ಲ.

ಸಂಜೆ ಐದೂವರೆಗೆ ಪ್ರಫುಲ್ಲಾ ಅಡುಗೆಮನೆಯಲ್ಲಿದ್ದಳು. ಏಳಕ್ಕೆ ಸಂಘದ ವಾರ್ಷಿಕ ಸಭೆ. ಗೋಳಿಬಜೆ ಯಾರೋ ತರುತ್ತಾರೆ, ಚಟ್ನಿ ಅವಳದ್ದು. ಫೋನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಮಿಕ್ಸಿ ಹಾಕಿದಳು. ತೆಂಗಿನಕಾಯಿಯ ಜೊತೆ ಅವಳ ತಲೆಯೂ ತಿರುಗುತ್ತಿತ್ತು. ಸಭೆಯಲ್ಲಿ ನಳಿನಿಯ ಕುರ್ಚಿ ಹೋಗುತ್ತದೆ. ತಪ್ಪಿಸಬೇಕಾದರೆ ಬಾಯಿ ಬಿಡಬೇಕು. ಬಾಯಿ ಬಿಟ್ಟರೆ ನಾಳೆಯಿಂದ ಮೂರು ಗಂಟೆಗೆ ತಾನೂ ತಾರಾನಾಥನೂ ಜೊತೆಯಾಗಿ ಶೆಡ್ಡಿನಲ್ಲಿ ನಿಜವಾಗಿ ನಡೆಯಬೇಕಾಗುತ್ತದೆ.

ಕೆಳಗೆ ಶೆಡ್ಡಿನಲ್ಲಿ ಕಾರುಗಳು ಒಂದೊಂದೇ ಕೆಮ್ಮಿ ಎಚ್ಚೆತ್ತವು. ಆ ಕಟ್ಟಡದ ಪದ್ಧತಿ ಅದು. ಡೊಂಬಿವಲಿಯಲ್ಲಿ ಕಾರು ಹೊರಗೆ ಒಯ್ದರೆ ನಿಲ್ಲಿಸಲು ಜಾಗವಿಲ್ಲ. ಹಾಗಾಗಿ ದೂರ ಹೋಗುವ ದಿನ ಬಿಟ್ಟರೆ ಎಲ್ಲರೂ ರಿಕ್ಷಾದಲ್ಲೇ ಓಡಾಡುತ್ತಿದ್ದರು. ಕಾರಿನ ಬ್ಯಾಟರಿ ಸಾಯಬಾರದೆಂದು ಭಾನುವಾರ ಸಂಜೆ ಇಳಿದುಬಂದು, ಹತ್ತು ನಿಮಿಷ ನಿಂತಲ್ಲೇ ಸ್ಟಾರ್ಟ್ ಮಾಡಿ, ಒಳಗೆ ಕೂತು, ಎಲ್ಲಿಗೂ ಹೋಗದೆ ವಾಪಸಾಗುತ್ತಿದ್ದರು. ನಳಿನಿಯೂ ತನ್ನ ಕಾರಿನಲ್ಲಿ ಹೋಗಿ ಕೂತದ್ದನ್ನು ಪ್ರಫುಲ್ಲಾ ಕಂಡಳು. ಪಾಪ, ಕೊನೆಯ ಸಲ ಅಧ್ಯಕ್ಷೆಯಾಗಿ ಕೂತಿದ್ದಾಳೆ ಎಂದುಕೊಂಡು ಒಣಮೆಣಸು ಎರಡು ಹೆಚ್ಚೇ ಹಾಕಿ ಮಿಕ್ಸಿಯನ್ನು ಮತ್ತೆ ತಿರುಗಿಸಿದಳು.

ಚಟ್ನಿ ಡಬ್ಬಿಗೆ ತುಂಬುವ ಹೊತ್ತಿಗೆ ಬಾಗಿಲು ದಡದಡ ಬಡಿಯಿತು. ನಳಿನಿ. ಮುಖ ಹಬ್ಬದ ದಿನದ ಬಾಗಿಲಿನ ಹಾಗಿತ್ತು.

"ಪ್ರಫುಲ್ಲಾ! ಈಗ ತಾನೆ ಜಟ್ಟೆಪ್ಪನವರು ಫೋನ್ ಮಾಡಿದ್ರು ಕಣ್ರೀ. ಕಾರಿಗೇ ಬಂತು! ಫೋನು ಪರ್ಸಿನಲ್ಲೇ ಇತ್ತು, ಮುಟ್ಟಲೂ ಇಲ್ಲ. ಗುಂಡಿ ಒತ್ತಿದೆ, ಅಷ್ಟೆ. ಎಷ್ಟು ಚೆನ್ನಾಗಿದೆ ರೀ ಇದು!"

"ಏನಂದ್ರು?"

"ಅಕ್ಕಾರ, ಮಹಿಳಾ ಅಧ್ಯಕ್ಷೆ ನೀವೇ ಆಗಬೇಕು, ಇಲ್ಲ ಅನ್ನಬಾರ್ದು, ಕಮಿಟಿಯವರೆಲ್ಲ ನಿಮ್ಮ ಹೆಸರೇ ಹೇಳ್ತಿದ್ದಾರೆ ಅಂತ ಒಂದೇ ಸಮ. ನಾನು ಒಂದು ಸಲ ಬೇಡ ಅಂದೆ, ಮರ್ಯಾದೆಗೆ. ಆಮೇಲೆ ಆಗ್ಲಿ, ಮಾಡ್ತೀನಿ ಅಂದೆ. ಹತ್ತನೇ ವರ್ಷ ಕಣ್ರೀ! ಮಧ್ಯಾಹ್ನ ನಿದ್ದೇಲೂ ಅದನ್ನೇ ಮಾತಾಡಿರ್ತೀನಿ."

ಪ್ರಫುಲ್ಲಾಳಿಗೆ ಕುಣಿಯುವ ಹಾಗಾಯಿತು. ತಪ್ಪು ತಾನಾಗಿಯೇ ಸರಿಯಾಗಿತ್ತು. ಅವಳ ಗಂಟೆ ಉಳಿಯಿತು, ನಳಿನಿಯ ಕುರ್ಚಿಯೂ ಉಳಿಯಿತು. ಎಂದೂ ಮುಟ್ಟದ ನಳಿನಿಯ ಕೈ ಹಿಡಿದು, "ನಿಮ್ಮನ್ನು ಬಿಟ್ಟು ಬೇರೆ ಯಾರು ಮಾಡ್ಲಿಕ್ಕುಂಟು!" ಎಂದಳು. ಚಟ್ನಿಯಲ್ಲಿ ಖಾರ ಜಾಸ್ತಿಯಾಗಿದ್ದರೂ ಲೋಕ ಸಿಹಿಯಾಗಿ ಕಂಡಿತು.

ಸ್ಟೇಷನ್ ಹತ್ತಿರದ ಬಾಡಿಗೆ ಸಭಾಂಗಣಕ್ಕೆ ನಾಲ್ವರೂ ಎರಡು ರಿಕ್ಷಾದಲ್ಲಿ ಹೋದರು. ನಳಿನಿ ಮೈಸೂರು ರೇಷ್ಮೆ ಉಟ್ಟಿದ್ದಳು. ಎಂಬತ್ತು ಜನ, ಇಪ್ಪತ್ತು ಕಡೆಯ ಕನ್ನಡ. ಮೊದಲ ಸಾಲಿನಲ್ಲಿ ಸುಮೇಧಾ ಇದ್ದಳು. ಕಲ್ಯಾಣದಿಂದ ಬರುವ ಈ ಸದಸ್ಯೆಗೆ ಸಂಘದ ಸುದ್ದಿ ಕಾರ್ಯದರ್ಶಿಗಿಂತ ಮೊದಲು ತಿಳಿಯುತ್ತಿತ್ತು.

ಜಟ್ಟೆಪ್ಪನವರು ಮೈಕು ಹಿಡಿದರು. "ಒಂಬತ್ತು ವರ್ಷ ದುಡಿದ ನಳಿನಿ ಅಕ್ಕಾರು ಇವತ್ತು ದೊಡ್ಡ ಮನಸು ಮಾಡಿ ತಮ್ಮ ಜಾಗಾ ಬಿಟ್ಟುಕೊಟ್ಟಾರ!"

ಚಪ್ಪಾಳೆ. ಎದ್ದು ನಿಲ್ಲಲು ಸೆರಗು ಸರಿಪಡಿಸಿಕೊಳ್ಳುತ್ತಿದ್ದ ನಳಿನಿಯ ಕೈ ಸೆರಗಿನಲ್ಲೇ ನಿಂತಿತು.

"ಆ ಜಾಗಾಕ್ಕ ಬರವಲ್ಲೆ ಬರವಲ್ಲೆ ಅನಕೋತ, ಕಡೀಕ ಸಂಘದ ಮ್ಯಾಲಿನ ಪ್ರೀತಿಗೆ ಒಪ್ಪಿಕೊಂಡವರು ನಮ್ಮ ಕರಾವಳಿಯ ಪ್ರಫುಲ್ಲಾ ಅಕ್ಕಾರು!"

ಪ್ರಫುಲ್ಲಾ ಹಿಂತಿರುಗಿ ನೋಡಿದಳು. ಇನ್ನೊಬ್ಬಳು ಪ್ರಫುಲ್ಲಾ ಇರಲಿಲ್ಲ.

ನಳಿನಿ ಎದ್ದಳು. "ಜಟ್ಟೆಪ್ಪನವರೇ, ಏನಿದು? ಸಾಯಂಕಾಲ ನನ್ನನ್ನೇ ಅಲ್ವಾ ನೀವು ಕೇಳಿದ್ದು?"

"ಇಲ್ರಿ ಅಕ್ಕಾರ, ನಿಮಗ ಮೂರು ಗಂಟೇಕ ಮಾಡಿದ್ದೆ. ಬಿಟ್ಟು ಕೊಡ್ತೀರೇನ್ರಿ ಅಂತ ಕೇಳಿದ್ರ ಹೂಂ ಹೂಂ ಅಂದ್ರಿ. ಸಂಜೀ ಮುಂದ ಮಾಡಿದ್ದು ಪ್ರಫುಲ್ಲಾ ಅಕ್ಕಾರಿಗೆ. ನೋಡ್ರಿ, ಎರಡೂ ನಂಬರ್ ಇಲ್ಲೇ ಅದಾವ."

ನಳಿನಿ ಗಂಡನ ಕಡೆ ತಿರುಗಿದಳು. ಸೂರ್ಯನಾರಾಯಣರು ಮೆಲ್ಲಗೆ, ಆದರೆ ಮೂರು ಸಾಲಿಗೆ ಕೇಳಿಸುವಂತೆ ಹೇಳಿದರು: "ನಿದ್ದೇಲ್ಲೇ ರಾಜೀನಾಮೆ ಕೊಟ್ಟಿದ್ದೀಯ ಕಣೇ. ಸಂಜೆಯದು ಕನಸಿರ್ಬೇಕು."

ನಳಿನಿ ಕುಸಿದು ಕೂತಳು.

ಪ್ರಫುಲ್ಲಾ ತನ್ನ ಫೋನು ತೆರೆದಳು. ಐದು ಮೂವತ್ತೈದು, ಜಟ್ಟೆಪ್ಪ, ಮೂರು ನಿಮಿಷ. ಆ ಮೂರು ನಿಮಿಷ ಅವಳು ಮಾತಾಡಿದ್ದು ಮಿಕ್ಸಿಯ ಜೊತೆ. ಬಾನೆಟ್ಟಿನ ಮೇಲೆ ಒಟ್ಟಿಗೆ ಮಲಗಿದ್ದ ಎರಡು ಫೋನುಗಳು ಆಗ ಅವಳ ಕಣ್ಣಿಗೆ ಕಟ್ಟಿದವು. ನಳಿನಿಯ ಫೋನು ತನ್ನ ಕಾರಿಗೆ, ತನ್ನ ಫೋನು ನಳಿನಿಯ ಕಾರಿಗೆ. ತಾನು ನಳಿನಿಯಾಗಿ ಕುರ್ಚಿ ಬಿಟ್ಟಿದ್ದಳು. ನಳಿನಿ ಪ್ರಫುಲ್ಲಾಳಾಗಿ ಅದೇ ಕುರ್ಚಿಯನ್ನು ಹಿಡಿದಿದ್ದಳು.

ಈಗ ಎದ್ದು ಎರಡು ಮಾತು ಹೇಳಿದರೆ ಸಾಕಿತ್ತು. ಎದ್ದಳು ಕೂಡ. ಆದರೆ ಅವಳಿಗಿಂತ ಮೊದಲೇ ತಾರಾನಾಥ ಎದ್ದಿದ್ದ. ಕಣ್ಣು ತುಂಬಿಕೊಂಡು ಚಪ್ಪಾಳೆ ತಟ್ಟುತ್ತಿದ್ದ. ಮೂವತ್ತು ವರ್ಷದಲ್ಲಿ ಅವನು ಅವಳ ಮೀನಿನ ಸಾರಿಗೂ ಹಾಗೆ ಸಂತೋಷಪಟ್ಟದ್ದಿಲ್ಲ.

"ಒಂದು ವಿಷಯ," ಎಂದು ಮೈಕಿಲ್ಲದೆಯೇ ಕೂಗಿದ. "ಸಂಘದ ಹೆಂಗಸರು ಏನಿದ್ದರೂ ಮಧ್ಯಾಹ್ನ ಮೂರರಿಂದ ನಾಲ್ಕಕ್ಕೆ ಪ್ರಫುಲ್ಲಾಳಿಗೆ ಫೋನ್ ಮಾಡಬಹುದು. ಆಗ ಅವಳಿಗೆ ಎಂತ ಕೆಲಸವೂ ಇರುವುದಿಲ್ಲ. ಸುಮ್ಮನೆ ನಡೀತಾ ಇರ್ತಾಳೆ!"

ಹೆಂಗಸರೆಲ್ಲ ಚೀಲದಿಂದ ಫೋನು ತೆಗೆದು ಅದನ್ನು ಬರೆದುಕೊಂಡರು. ಸುಮೇಧಾ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. "ನಿಮ್ಮನ್ನ ಬಿಟ್ರೆ ಯಾರಿದ್ದಾರೆ ಪ್ರಫುಲ್ಲಕ್ಕಾ! ಇಷ್ಟು ದಿನ ಎಲ್ಲಿ ಅಡಗಿದ್ರಿ?"

"ಒಪ್ಪಿಗಿ ಐತಿಲ್ರಿ ಅಕ್ಕಾರ?" ಜಟ್ಟೆಪ್ಪನವರು ಮೈಕನ್ನು ಅವಳ ಬಾಯಿಗೆ ಹಿಡಿದರು.

ಇಲ್ಲ ಎಂಬ ಎರಡಕ್ಷರ ಪ್ರಫುಲ್ಲಾಳ ಹೊಟ್ಟೆಯಿಂದ ಹೊರಟು ಎದೆ ದಾಟಿ ಗಂಟಲಿನವರೆಗೂ ಬಂತು. ಅಷ್ಟು ದೂರ ಅದು ಬಂದದ್ದು ಅದೇ ಮೊದಲು.

"ಹೂಂ," ಎಂದಿತು ಮೈಕು.

ನಳಿನಿಯೇ ಶಾಲು ಹೊದಿಸಿದಳು. ಹೊದಿಸುವಾಗ ಶಾಲಿನ ಎರಡು ತುದಿಯನ್ನೂ ಪ್ರಫುಲ್ಲಾಳ ಕುತ್ತಿಗೆಯ ಬಳಿ ಬೇಕಾದ್ದಕ್ಕಿಂತ ಸ್ವಲ್ಪ ಬಿಗಿಯಾಗಿ ಎಳೆದಳು.

ಮರುದಿನ ಮೂರಕ್ಕೆ ಪ್ರಫುಲ್ಲಾ ತನ್ನ ಫೋನನ್ನು ಆರಿಸಿ, ಅಕ್ಕಿ ಡಬ್ಬಿಯ ತಳದಲ್ಲಿ ಹೂತಿಟ್ಟು ಕೆಳಗಿಳಿದಳು. ಯಾರು ಬೇಕಾದರೂ ಫೋನ್ ಮಾಡಲಿ. ಈ ಒಂದು ದಿನವಾದರೂ ತನ್ನದು. ದಿಂಬು ಮನೆಗೆ ಹೋಗಿತ್ತು, ಥರ್ಮಾಸು ಕಪಾಟಿನಲ್ಲಿತ್ತು. ಸೆರಗನ್ನೇ ಮುದ್ದೆ ಮಾಡಿ ತಲೆಗೆ ಕೊಟ್ಟು, ಗಾಜು ಇಳಿಸಲು ಕೀಲಿ ತಿರುಗಿಸಿದಳು.

"ಕನೆಕ್ಟೆಡ್," ಎಂದಳು ಮೂಗಿನ ಹೆಂಗಸು.

ಆ ಹಾಳು ಯಂತ್ರವನ್ನು ಮೊದಲು ಕಿತ್ತು ಹಾಕಬೇಕು ಎಂದು ಪ್ರಫುಲ್ಲಾ ಕೈ ಚಾಚಿದಳು. ಕೈ ತಲುಪುವ ಮೊದಲೇ ಶೆಡ್ಡು ಗಣಗಣ ಎಂದಿತು. ಮೇಲೆ ಅಡುಗೆಮನೆಯ ಕಿಟಕಿ ತೆರೆದ ಸದ್ದಾಯಿತು. ಬೆರಳು ತಾನಾಗಿ ಹೋಗಿ ಗುಂಡಿ ಒತ್ತಿತು.

"ನಳಿನಕ್ಕಾ, ನಾನು ಸುಮೇಧಾ. ರಾತ್ರಿಯಿಡೀ ನಿದ್ದೆ ಇಲ್ಲ ನನಗೆ. ನಿಮ್ಮಂಥವರ ಕುರ್ಚಿ ಎಳೆದುಕೊಂಡ್ಲಲ್ಲ ಆ ಪ್ರಫುಲ್ಲಾ! ನೋಡೋಕೆ ಮಾತ್ರ ಪೆಚ್ಚು, ಒಳಗೊಳಗೆ ಎಷ್ಟು ದಿನದಿಂದ ಹೊಂಚು ಹಾಕಿದ್ಲೋ. ಕೋಸಂಬರಿ ಬಿಟ್ಟು ಬೇರೇನು ಬರುತ್ತೆ ಅವಳಿಗೆ? ಅದೂ ಉಪ್ಪಿಲ್ಲ. ಅಲ್ವಾ ನಳಿನಕ್ಕಾ?"

ಪ್ರಫುಲ್ಲಾ ಕಣ್ಣು ಮುಚ್ಚಿಕೊಂಡಳು.

"ಹೂಂ," ಎಂದಳು.